ವೀಸಾ ಬೇಡ, ಪರವಾನಗಿ ಬೇಡ: ಬ್ರಿಟನ್ನಿನಲ್ಲಿ ನೆಲೆಸುವ ಐರಿಶರ ಹಕ್ಕಿನ ಹಿಂದಿರುವ ನೂರು ವರ್ಷ

ಐರ್ಲೆಂಡಿನ ಪ್ರಜೆಯೊಬ್ಬರು ಡಬ್ಲಿನ್ ಬಿಟ್ಟು ಲಿವರ್‌ಪೂಲಿನಲ್ಲೋ ಲಂಡನ್ನಿನಲ್ಲೋ ನೆಲೆಸಬೇಕೆಂದರೆ ಬ್ರಿಟನ್ನಿನ ಗೃಹ ಇಲಾಖೆಗೆ ಒಂದೇ ಒಂದು ಅರ್ಜಿಯನ್ನೂ ಹಾಕಬೇಕಿಲ್ಲ. ವೀಸಾ ಇಲ್ಲ, ಕೆಲಸದ ಪರವಾನಗಿ ಇಲ್ಲ, ಇಂತಿಷ್ಟು ವರ್ಷಕ್ಕೆ ವಾಪಸಾಗಬೇಕೆಂಬ ಗಡುವೂ ಇಲ್ಲ. ಇಳಿದ ಮರುದಿನವೇ ಕೆಲಸಕ್ಕೆ ಸೇರಬಹುದು, ಮನೆ ಬಾಡಿಗೆಗೆ ಹಿಡಿಯಬಹುದು, ಸರ್ಕಾರಿ ವೈದ್ಯರ ಬಳಿ ಹೆಸರು ಬರೆಸಬಹುದು. ಮತದಾರರ ಪಟ್ಟಿಗೆ ಸೇರಿದರೆ ಸಂಸತ್ ಚುನಾವಣೆಯಲ್ಲೂ ಮತ ಹಾಕಬಹುದು. ಬ್ರಿಟನ್ ಯುರೋಪಿನ ಒಕ್ಕೂಟ ತೊರೆದು 2020ರ ಕೊನೆಗೆ ಯುರೋಪಿನ ಮುಕ್ತ ಸಂಚಾರ ನಿಂತಾಗ ಹೊಸದಾಗಿ ಬರುವ ಪೋಲೆಂಡಿನವರಿಗೂ ಫ್ರಾನ್ಸಿನವರಿಗೂ ಬಾಗಿಲು ಮುಚ್ಚಿತು, ಐರಿಶರಿಗೆ ಮುಚ್ಚಲಿಲ್ಲ. ಅವರ ಹಕ್ಕು ಯುರೋಪಿನ ಒಕ್ಕೂಟಕ್ಕಿಂತ ಹಳೆಯದು. ಆದರೆ ತೊಂಬತ್ತೇಳು ವರ್ಷ ಅದು ನಡೆದು ಬಂದದ್ದು ಬಹುಮಟ್ಟಿಗೆ ರೂಢಿಯ ಬಲದಿಂದಲೇ. ಇವತ್ತು ಮಾಲೀಕರ ಕಚೇರಿಯಲ್ಲೋ ಪಿಂಚಣಿ ಲೆಕ್ಕದಲ್ಲೋ ಎದುರಾಗುವ ತೊಡಕುಗಳಲ್ಲಿ ಹೆಚ್ಚಿನವು ಈ ಹಿನ್ನೆಲೆಯಿಂದಲೇ ಹುಟ್ಟಿದವು.

1922ರ ಡಿಸೆಂಬರ್ 6ರಂದು ಐರಿಶ್ ಫ್ರೀ ಸ್ಟೇಟ್ ಸ್ಥಾಪನೆಯಾದಾಗ ದ್ವೀಪದ ಈಶಾನ್ಯದ ಆರು ಕೌಂಟಿಗಳು ಬ್ರಿಟನ್ನಿನಲ್ಲೇ ಉಳಿದವು. ಗಡಿಗೆರೆ ಹೊಲ, ಊರು, ಕೆಲವೆಡೆ ಒಂದೇ ಕುಟುಂಬದ ಜಮೀನಿನ ನಡುವೆಯೇ ಹಾದುಹೋಯಿತು. ಸುಮಾರು 500 ಕಿಲೋಮೀಟರ್ ಉದ್ದದ, ಇನ್ನೂರಕ್ಕೂ ಹೆಚ್ಚು ರಸ್ತೆಗಳು ದಾಟುವ ಆ ಗೆರೆಯ ಮೇಲೆ ಪ್ರತಿಯೊಬ್ಬರ ಕಾಗದ ನೋಡುವುದು ಆಗದ ಮಾತಾಗಿತ್ತು. ಹಾಗಾಗಿ 1923ರಲ್ಲಿ ಎರಡೂ ಸರ್ಕಾರಗಳ ಅಧಿಕಾರಿಗಳು ಒಂದು ಏರ್ಪಾಡಿಗೆ ಬಂದರು: ತಮ್ಮ ತಮ್ಮ ಜನರ ಓಡಾಟಕ್ಕೆ ತಡೆ ಇರಬಾರದು, ಹೊರಗಿನ ಪರದೇಶಿಗಳ ವಿಷಯದಲ್ಲಿ ಮಾತ್ರ ಎರಡೂ ಕಡೆ ಒಂದೇ ಬಗೆಯ ತಪಾಸಣೆ ನಡೆಯಬೇಕು. ಅದಕ್ಕೆ ಒಪ್ಪಂದದ ರೂಪವಿರಲಿಲ್ಲ, ಸಂಸತ್ತಿನ ಮುದ್ರೆಯೂ ಇರಲಿಲ್ಲ. ಈಗ ಕಾಮನ್ ಟ್ರಾವೆಲ್ ಏರಿಯಾ ಎಂದು ಕರೆಯುವ ವ್ಯವಸ್ಥೆಯ ಮೊದಲ ರೂಪ ಇದು. ಐಲ್ ಆಫ್ ಮ್ಯಾನ್, ಜರ್ಸಿ, ಗರ್ನ್ಸಿ ದ್ವೀಪಗಳೂ ಇದರೊಳಗಿವೆ.

ಎರಡನೇ ಮಹಾಯುದ್ಧದಲ್ಲಿ ಈ ಏರ್ಪಾಡು ಮುರಿಯಿತು. ಐರ್ಲೆಂಡ್ ತಟಸ್ಥವಾಗಿ ಉಳಿದದ್ದರಿಂದ ಬ್ರಿಟನ್ ಪ್ರಯಾಣ ಪರವಾನಗಿ ಕಡ್ಡಾಯ ಮಾಡಿತು. ತಪಾಸಣೆ ನಡೆದದ್ದು ನೆಲದ ಗಡಿಯಲ್ಲಲ್ಲ, ಐರಿಶ್ ಸಮುದ್ರದ ಬಂದರುಗಳಲ್ಲಿ. ಹೀಗಾಗಿ ಬ್ರಿಟನ್ನಿನದೇ ಭಾಗವಾದ ಉತ್ತರ ಐರ್ಲೆಂಡಿನವರೂ ತಮ್ಮದೇ ರಾಜ್ಯದ ಇನ್ನೊಂದು ದಡಕ್ಕೆ ಹೋಗಲು ಪರವಾನಗಿ ತೋರಿಸಬೇಕಾಯಿತು. ಯುದ್ಧ ಮುಗಿದು ಏಳು ವರ್ಷ ಕಳೆದ ಮೇಲೆ, 1952ರಲ್ಲಿ, ಮುಕ್ತ ಓಡಾಟ ಪೂರ್ತಿಯಾಗಿ ಮರಳಿತು. ಆಗಲೂ ಅದು ನಿಂತದ್ದು ಅಧಿಕಾರಿಗಳ ಪತ್ರ ವಿನಿಮಯದ ಮೇಲೆ.

ಅಷ್ಟರಲ್ಲಿ ಕಾನೂನಿನಲ್ಲಿ ಒಂದು ವಿಶೇಷ ಸಂಗತಿ ನಡೆದಿತ್ತು. 1949ರ ಏಪ್ರಿಲ್ 18ರಂದು ಐರ್ಲೆಂಡ್ ಗಣರಾಜ್ಯವಾಗಿ ಕಾಮನ್‌ವೆಲ್ತ್ ತೊರೆಯಿತು. ಹಾಗೆ ನೋಡಿದರೆ ಐರಿಶರು ಅಂದಿನಿಂದ ಬ್ರಿಟನ್ನಿಗೆ ಪರದೇಶಿಗಳಾಗಬೇಕಿತ್ತು. ಆದರೆ ಅದೇ ವರ್ಷದ ಐರ್ಲೆಂಡ್ ಕಾಯ್ದೆಯ 2ನೇ ಸೆಕ್ಷನ್, ಬ್ರಿಟನ್ನಿನ ಕಾನೂನುಗಳ ಮಟ್ಟಿಗೆ ಐರ್ಲೆಂಡ್ ಗಣರಾಜ್ಯ ವಿದೇಶವಲ್ಲ ಎಂದು ಹೇಳಿಬಿಟ್ಟಿತು. ಇದರ ಹಿಂದೆ ಔದಾರ್ಯಕ್ಕಿಂತ ಅಗತ್ಯ ಹೆಚ್ಚಿತ್ತು. ಯುದ್ಧದಲ್ಲಿ ಹಾಳಾದ ಮನೆ, ರಸ್ತೆ ಕಟ್ಟಲು ಕೂಲಿಗಳು ಬೇಕಿದ್ದರು. 1948ರಲ್ಲಿ ಶುರುವಾದ ರಾಷ್ಟ್ರೀಯ ಆರೋಗ್ಯ ಸೇವೆಗೆ ದಾದಿಯರು ಬೇಕಿದ್ದರು. 1951ರಿಂದ 1961ರ ನಡುವೆ ಐರ್ಲೆಂಡ್ ವಲಸೆಯಿಂದ ಕಳೆದುಕೊಂಡವರು 4 ಲಕ್ಷಕ್ಕೂ ಹೆಚ್ಚು ಮಂದಿ, ಅವರಲ್ಲಿ ಬಹುಪಾಲು ಹೋದದ್ದು ಬ್ರಿಟನ್ನಿಗೇ.

ಈ ಕಥೆಯಲ್ಲಿ ಭಾರತೀಯರು ನೇರವಾಗಿ ಬರುವುದು 1962ರಲ್ಲಿ. ಕಾಮನ್‌ವೆಲ್ತ್ ವಲಸಿಗರ ಕಾಯ್ದೆ ಭಾರತ, ಪಾಕಿಸ್ತಾನ, ವೆಸ್ಟ್ ಇಂಡೀಸಿನಿಂದ ದುಡಿಯಲು ಬರುವವರಿಗೆ ಕಾರ್ಮಿಕ ಸಚಿವಾಲಯದ ವೋಚರ್ ಕಡ್ಡಾಯ ಮಾಡಿತು. ಕಾಮನ್‌ವೆಲ್ತ್‌ನಲ್ಲೇ ಉಳಿದ ಭಾರತದವರನ್ನು ತಡೆದು, ಅದನ್ನು ಬಿಟ್ಟುಹೋದ ಐರ್ಲೆಂಡಿನವರನ್ನು ಬಿಟ್ಟುಕೊಟ್ಟದ್ದು ಸಂಸತ್ತಿನಲ್ಲೇ ಚರ್ಚೆಯಾಯಿತು, ಇದು ಚರ್ಮದ ಬಣ್ಣ ನೋಡಿ ಮಾಡಿದ ಕಾನೂನು ಎಂಬ ಟೀಕೆ ಬಂತು. ನೆಲದ ಗಡಿಯಲ್ಲಿ ತಪಾಸಣೆ ಅಸಾಧ್ಯ ಎಂಬುದು ಸರ್ಕಾರದ ಸಮರ್ಥನೆ. ಆ ಮಾತು ಸುಳ್ಳಲ್ಲ. ಆದರೆ ಟೀಕೆಯನ್ನೂ ತಳ್ಳಿಹಾಕುವಂತಿಲ್ಲ, ಕಾಯ್ದೆಯ ಪೂರ್ತಿ ಭಾರ ಬಿದ್ದದ್ದು ಯಾರ ಮೇಲೆ ಎಂಬುದು ಕಣ್ಣಿಗೆ ಕಾಣುವಂತಿತ್ತು.

1971ರ ವಲಸೆ ಕಾಯ್ದೆ ಈ ಪ್ರದೇಶಕ್ಕೆ ಮೊದಲ ಬಾರಿಗೆ ಸ್ಪಷ್ಟ ಕಾನೂನಿನ ಆಧಾರ ಕೊಟ್ಟಿತು. ಅದರ 1(3) ಸೆಕ್ಷನ್ ಪ್ರಕಾರ ಕಾಮನ್ ಟ್ರಾವೆಲ್ ಏರಿಯಾದ ಒಳಗೇ ನಡೆಯುವ ಪ್ರಯಾಣಕ್ಕೆ ವಲಸೆ ತಪಾಸಣೆ ಇಲ್ಲ. ಇಲ್ಲಿ ಒಂದು ಸಂದು ಉಳಿಯಿತು, ಮುಂದೆ ಅದು ದೊಡ್ಡ ತಲೆನೋವಾಯಿತು. ವಿನಾಯಿತಿ ಅಂಟಿಕೊಂಡಿದ್ದು ಪ್ರಯಾಣದ ದಾರಿಗೆ, ವ್ಯಕ್ತಿಯ ಪೌರತ್ವಕ್ಕಲ್ಲ. ಡಬ್ಲಿನ್‌ನಿಂದ ಬಂದ ಐರಿಶ್ ಪ್ರಜೆಗೆ ಅನುಮತಿ ಬೇಕಿರಲಿಲ್ಲ. ಅದೇ ವ್ಯಕ್ತಿ ಪ್ಯಾರಿಸ್ಸಿನಿಂದಲೋ ನ್ಯೂಯಾರ್ಕಿನಿಂದಲೋ ನೇರ ಲಂಡನ್ನಿಗೆ ಇಳಿದರೆ ಆ ಸೆಕ್ಷನ್ ಅವರಿಗೆ ಅನ್ವಯಿಸುತ್ತಿರಲಿಲ್ಲ. ಆದರೂ ಯಾರಿಗೂ ಇದು ಬಾಧಿಸಲಿಲ್ಲ. ಕಾಯ್ದೆ ಜಾರಿಗೆ ಬಂದ 1973ರ ಜನವರಿ 1ರಂದೇ ಎರಡೂ ದೇಶಗಳು ಯುರೋಪಿನ ಸಮುದಾಯ ಸೇರಿದ್ದರಿಂದ, ಯುರೋಪಿನ ಮುಕ್ತ ಸಂಚಾರದ ಹಕ್ಕು ಈ ಸಂದನ್ನು ಮುಚ್ಚಿತ್ತು.

ಇದರರ್ಥ ಐರಿಶರ ಬದುಕು ಸಲೀಸಾಗಿತ್ತು ಎಂದಲ್ಲ. 1974ರ ನವೆಂಬರ್ 21ರಂದು ಬರ್ಮಿಂಗ್‌ಹ್ಯಾಮಿನ ಪಬ್‌ಗಳಲ್ಲಿ ಐರಿಶ್ ಉಗ್ರ ಸಂಘಟನೆ ಐಆರ್‌ಎ ಇಟ್ಟದ್ದೆಂದು ನಂಬಲಾದ ಬಾಂಬ್ ಸಿಡಿದ ಕೆಲವೇ ದಿನಗಳಲ್ಲಿ ಭಯೋತ್ಪಾದನೆ ತಡೆ ಕಾಯ್ದೆ ಬಂತು. ಆರೋಪಪಟ್ಟಿಯಿಲ್ಲದೆ ಏಳು ದಿನದವರೆಗೆ ಬಂಧನ, ಬಂದರುಗಳಲ್ಲಿ ವಿಚಾರಣೆ, ಬ್ರಿಟನ್ನಿನಿಂದಲೇ ಹೊರಹಾಕುವ ಆದೇಶ, ಇವೆಲ್ಲ ಅದರಲ್ಲಿದ್ದವು. ವಾಸದ ಹಕ್ಕು ಕಾಗದದಲ್ಲಿ ಹಾಗೆಯೇ ಇದ್ದರೂ ದೋಣಿಯಿಂದ ಇಳಿಯುವ ಐರಿಶ್ ಯುವಕರನ್ನು ಅನುಮಾನದಿಂದ ನೋಡುವುದು ವರ್ಷಗಟ್ಟಲೆ ನಡೆಯಿತು. 1998ರ ಏಪ್ರಿಲ್ 10ರ ಬೆಲ್‌ಫಾಸ್ಟ್ ಶಾಂತಿ ಒಪ್ಪಂದ ಉತ್ತರ ಐರ್ಲೆಂಡಿನವರು ತಮ್ಮನ್ನು ಐರಿಶ್ ಎಂದೋ ಬ್ರಿಟಿಷ್ ಎಂದೋ ಎರಡೂ ಎಂದೋ ಕರೆದುಕೊಳ್ಳಬಹುದು, ಎರಡೂ ಪೌರತ್ವ ಇಟ್ಟುಕೊಳ್ಳಬಹುದು ಎಂದು ಒಪ್ಪಿಕೊಂಡಿತು.

ಯುರೋಪಿನ ಒಕ್ಕೂಟ ತೊರೆಯಲು ಬ್ರಿಟನ್ ತೀರ್ಮಾನಿಸಿದ 2016ರ ಜೂನ್ 23ರ ಜನಮತದ ನಂತರ ಹಳೆಯ ಸಂದು ಮತ್ತೆ ತೆರೆದುಕೊಂಡಿತು. ಯುರೋಪಿನ ಕಾನೂನು ಹೋದರೆ ಸ್ಪೇನಿನಿಂದ ನೇರ ಮ್ಯಾಂಚೆಸ್ಟರಿಗೆ ಬರುವ ಐರಿಶ್ ಪ್ರಜೆಯ ಸ್ಥಾನವೇನು? 2019ರ ಮೇ 8ರಂದು ಐರ್ಲೆಂಡಿನ ಉಪಪ್ರಧಾನಿ ಸೈಮನ್ ಕೋವ್ನಿ ಮತ್ತು ಬ್ರಿಟನ್ನಿನ ಸಚಿವ ಡೇವಿಡ್ ಲಿಡಿಂಗ್ಟನ್ ಲಂಡನ್ನಿನಲ್ಲಿ ಒಂದು ತಿಳಿವಳಿಕೆ ಪತ್ರಕ್ಕೆ ಸಹಿ ಹಾಕಿದರು. ವಾಸ, ಕೆಲಸ, ಶಿಕ್ಷಣ, ಆರೋಗ್ಯ, ಮತದಾನ ಎಲ್ಲವೂ ಅದರಲ್ಲಿದ್ದವು. ಆದರೆ ತನಗೆ ಕಾನೂನಿನ ಬಂಧನವಿಲ್ಲ ಎಂದು ಆ ಪತ್ರವೇ ಹೇಳುತ್ತದೆ. ಗಟ್ಟಿ ಆಧಾರ ಸಿಕ್ಕಿದ್ದು 2020ರ ನವೆಂಬರ್‌ನಲ್ಲಿ ಅಂಗೀಕಾರವಾದ ಕಾಯ್ದೆಯಿಂದ. ಅದು 1971ರ ಕಾಯ್ದೆಗೆ 3ಝಡ್‌ಎ ಎಂಬ ಸೆಕ್ಷನ್ ಸೇರಿಸಿತು: ಐರಿಶ್ ಪ್ರಜೆ ಎಲ್ಲಿಂದ ಬಂದರೂ ಬ್ರಿಟನ್ನಿಗೆ ಪ್ರವೇಶಿಸಲು, ಅಲ್ಲಿ ಇರಲು ಅನುಮತಿ ಬೇಕಿಲ್ಲ. ಗಡೀಪಾರು ಆದೇಶ, ಪ್ರವೇಶ ನಿಷೇಧ, ಅಂತಾರಾಷ್ಟ್ರೀಯ ಪ್ರಯಾಣ ನಿರ್ಬಂಧ ಈ ಮೂರರಲ್ಲಿ ಒಂದು ಇದ್ದರೆ ಮಾತ್ರ ಹಕ್ಕು ತಪ್ಪುತ್ತದೆ. ನ್ಯಾಯಾಲಯ ಶಿಫಾರಸು ಮಾಡಿದಾಗ ಇಲ್ಲವೇ ತೀರ ಅಸಾಧಾರಣ ಸಂದರ್ಭದಲ್ಲಿ ಮಾತ್ರ ಐರಿಶರನ್ನು ಗಡೀಪಾರು ಮಾಡುತ್ತೇವೆ ಎಂಬುದು 2007ರಲ್ಲಿ ಬ್ರಿಟನ್ ಸರ್ಕಾರ ಪ್ರಕಟಿಸಿದ ನೀತಿ.

ಹೀಗೆ ಹಕ್ಕು ದಾರಿಯಿಂದ ಪೌರತ್ವಕ್ಕೆ ದಾಟಿತು. ಆದರೆ ಅದರ ಜೊತೆಗೆ ಕೈಗೆ ಕೊಡುವ ಕಾಗದ ಯಾವುದೂ ಹುಟ್ಟಲಿಲ್ಲ. ಹೆಚ್ಚಿನ ತೊಂದರೆಗಳ ಬೇರು ಇಲ್ಲೇ ಇದೆ.

ಮೊದಲ ತೊಡಕು ಕೆಲಸಕ್ಕೆ ಸೇರುವಾಗ. ಬೇರೆ ದೇಶದವರಿಗೆ ಡಿಜಿಟಲ್ ವೀಸಾ ಬಂದಮೇಲೆ ಮಾನವ ಸಂಪನ್ಮೂಲ ವಿಭಾಗದವರು ಎಲ್ಲರಿಂದಲೂ ಗೃಹ ಇಲಾಖೆಯ ಶೇರ್ ಕೋಡ್, ಅಂದರೆ ವೀಸಾ ವಿವರವನ್ನು ಆನ್‌ಲೈನ್‌ನಲ್ಲಿ ತೋರಿಸುವ ಸಂಕೇತ, ಕೇಳುತ್ತಾರೆ. ಐರಿಶರಿಗೆ ಸಾಮಾನ್ಯವಾಗಿ ಆ ಕೋಡ್ ಇರುವುದೇ ಇಲ್ಲ. ಅವರು ತೋರಿಸಬೇಕಾದದ್ದು ಐರಿಶ್ ಪಾಸ್‌ಪೋರ್ಟ್ ಅಥವಾ 2015ರಿಂದ ಸಿಗುತ್ತಿರುವ ಪಾಸ್‌ಪೋರ್ಟ್ ಕಾರ್ಡ್. ಮೂಲ ಪ್ರತಿಯನ್ನು ಕೈಯಲ್ಲಿ ಹಿಡಿದು ಪರಿಶೀಲಿಸುವುದಾದರೆ ಅವಧಿ ಮುಗಿದ ಪಾಸ್‌ಪೋರ್ಟೂ ನಡೆಯುತ್ತದೆ, ಆನ್‌ಲೈನ್ ಗುರುತು ಪರಿಶೀಲನೆಗೆ ಮಾತ್ರ ಚಾಲ್ತಿಯದೇ ಬೇಕು. ಪಾಸ್‌ಪೋರ್ಟ್ ಇಲ್ಲದವರು ಐರ್ಲೆಂಡಿನ ಜನನ ಪ್ರಮಾಣಪತ್ರದ ಜೊತೆ ತಮ್ಮ ಹೆಸರು ಮತ್ತು ನ್ಯಾಷನಲ್ ಇನ್ಶೂರೆನ್ಸ್ ಸಂಖ್ಯೆ (ತೆರಿಗೆ, ವಂತಿಗೆಯ ಲೆಕ್ಕಕ್ಕೆ ಕೊಡುವ ಸಂಖ್ಯೆ) ಇರುವ ಸರ್ಕಾರಿ ದಾಖಲೆ ಕೊಡಬಹುದು. ಈ ಸಂಖ್ಯೆಗೆ ಬ್ರಿಟನ್ನಿಗೆ ಬಂದಮೇಲೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬೇಕು. ಅದು ಕೈಗೆ ಬರುವ ಮೊದಲೇ ಕೆಲಸ ಶುರುಮಾಡಲು ಅಡ್ಡಿಯಿಲ್ಲ. ಮನೆ ಬಾಡಿಗೆಗೆ ಇಂಥದೇ ದಾಖಲೆ ಪರಿಶೀಲನೆ ಇರುವುದು ಇಂಗ್ಲೆಂಡಿನಲ್ಲಿ ಮಾತ್ರ. ಜರ್ಸಿ ಮತ್ತು ಗರ್ನ್ಸಿಯ ಲೆಕ್ಕವೇ ಬೇರೆ: ಅಲ್ಲಿನ ಮನೆ ಮತ್ತು ಉದ್ಯೋಗದ ನಿಯಮಗಳು ಬ್ರಿಟಿಷರಿಗೂ ಐರಿಶರಿಗೂ ಒಂದೇ ರೀತಿ ಅನ್ವಯಿಸುತ್ತವೆ.

ಎರಡನೆಯದು ಸರ್ಕಾರಿ ನೆರವು. ಕಡಿಮೆ ಆದಾಯದವರಿಗೆ ಕೊಡುವ ಯೂನಿವರ್ಸಲ್ ಕ್ರೆಡಿಟ್‌ನಂಥ ಸವಲತ್ತಿಗೆ ವಾಸದ ಹಕ್ಕಿನ ಜೊತೆಗೆ, ಅಲ್ಲೇ ನೆಲೆ ಊರಿದ್ದಾರೆಯೇ ಎಂಬ ಪರೀಕ್ಷೆಯೂ ಇದೆ. ವಾಸದ ಹಕ್ಕು ಐರಿಶರಿಗೆ ಇದ್ದೇ ಇದೆ. ನೆಲೆಯ ಪ್ರಶ್ನೆಯಲ್ಲಿ ಐರ್ಲೆಂಡಿನಲ್ಲಿದ್ದ ಕಾಲವೂ ಲೆಕ್ಕಕ್ಕೆ ಬರುವುದರಿಂದ ಕಾರ್ಕ್‌ನಿಂದ ಬಂದವರು ಸುಲಭವಾಗಿ ದಾಟುತ್ತಾರೆ. ಎಡವುವವರು ಹತ್ತು ವರ್ಷ ಆಸ್ಟ್ರೇಲಿಯಾದಲ್ಲಿದ್ದು ಐರಿಶ್ ಪಾಸ್‌ಪೋರ್ಟ್ ಹಿಡಿದು ಸೀದಾ ಗ್ಲಾಸ್ಗೋಗೆ ಬರುವವರು. ಬಾಡಿಗೆ ಕರಾರು, ಮಕ್ಕಳ ಶಾಲೆ ದಾಖಲಾತಿ, ಸಾಮಾನು ಸಾಗಿಸಿದ ರಸೀದಿ ಅವರಿಗೆ ಬೇಕಾಗುತ್ತವೆ. ಪಿಂಚಣಿಯ ಮಟ್ಟಿಗೆ 2019ರ ಫೆಬ್ರುವರಿ 1ರಂದು ಸಹಿಯಾದ ಸಾಮಾಜಿಕ ಭದ್ರತಾ ಒಪ್ಪಂದ ಎರಡೂ ದೇಶಗಳ ವಂತಿಗೆಯನ್ನು ಕೂಡಿಸಿ ನೋಡಲು ಅವಕಾಶ ಕೊಟ್ಟಿದೆ. ಬ್ರಿಟನ್ನಿನ ಹೊಸ ಪಿಂಚಣಿಗೆ ಕನಿಷ್ಠ 10 ವರ್ಷ, ಐರ್ಲೆಂಡಿನದಕ್ಕೆ ಕನಿಷ್ಠ 520 ವಾರಗಳ ವಂತಿಗೆ ಬೇಕು. ಎರಡೂ ಕಡೆ ಅರೆಬರೆ ದುಡಿದವರಿಗೆ ಈ ಒಪ್ಪಂದವೇ ಆಸರೆ.

ಎಲ್ಲಕ್ಕಿಂತ ಹೆಚ್ಚು ನೋವು ಕೊಡುವುದು ಕುಟುಂಬದ ಪ್ರಶ್ನೆ. ಹಕ್ಕು ಇರುವುದು ಐರಿಶ್ ಪ್ರಜೆಗೆ, ಅವರ ಗಂಡನಿಗೋ ಹೆಂಡತಿಗೋ ಅಲ್ಲ. ಯುರೋಪಿನ ಕಾನೂನಿನಲ್ಲಿ ಸಂಗಾತಿಯೂ ಜೊತೆಗೆ ಬರಬಹುದಿತ್ತು, ಆ ಆಸರೆ ಹೊಸಬರಿಗೆ ಇಲ್ಲ. ಬ್ರಿಟನ್ನಿನಲ್ಲಿ ನೆಲೆಸಿದ ಐರಿಶ್ ಪ್ರಜೆ ಬ್ರಿಟಿಷ್ ಪ್ರಜೆಯಂತೆಯೇ ಸಂಗಾತಿ ವೀಸಾಕ್ಕೆ ಪ್ರಾಯೋಜಕರಾಗಬೇಕು. 2024ರ ಏಪ್ರಿಲ್ 11ರಿಂದ ಅದಕ್ಕೆ ವರ್ಷಕ್ಕೆ 29,000 ಪೌಂಡ್ ಆದಾಯ ತೋರಿಸಬೇಕು, ಮೊದಲು ಇದು 18,600 ಇತ್ತು. ಹೊರಗಿನಿಂದ ಅರ್ಜಿ ಹಾಕಿದರೆ ಸಿಗುವ 33 ತಿಂಗಳ ವೀಸಾಕ್ಕೆ ಶುಲ್ಕದ ಮೇಲೆ 3,105 ಪೌಂಡ್ ಆರೋಗ್ಯ ಸರ್ಚಾರ್ಜ್ ಬೇರೆ. ಡಬ್ಲಿನ್‌ನಲ್ಲಿ ಐದು ವರ್ಷ ಎಣಿಕೆಗೆ ಬರುವ ವಾಸ ಮುಗಿಸಿ ಐರಿಶ್ ಪೌರತ್ವ ಪಡೆದ ಕನ್ನಡಿಗ ಇಂಜಿನಿಯರ್‌ಗೂ ಇದೇ ನಿಯಮ. ಪೌರತ್ವ ಪಡೆದವರು ಭಾರತದ ಪಾಸ್‌ಪೋರ್ಟ್ ಒಪ್ಪಿಸಿ ನಾಳೆಯೇ ಲಂಡನ್ನಿನಲ್ಲಿ ಕೆಲಸಕ್ಕೆ ಸೇರಬಹುದು, ಭಾರತದ ಪಾಸ್‌ಪೋರ್ಟಿನಲ್ಲೇ ಇರುವ ಹೆಂಡತಿಗೆ ವೀಸಾ ಬೇಕೇ ಬೇಕು. ಐರ್ಲೆಂಡಿನ ವಾಸದ ಕಾರ್ಡ್ ಮಾತ್ರ ಇರುವ ಭಾರತೀಯರು ಡಬ್ಲಿನ್‌ನಿಂದ ಬಸ್ಸಿನಲ್ಲಿ ಬೆಲ್‌ಫಾಸ್ಟ್ ನೋಡಿ ಬರಲೂ ಬ್ರಿಟನ್ ವೀಸಾ ಬೇಕು. ದಾರಿಯಲ್ಲಿ ಯಾರೂ ತಡೆಯುವುದಿಲ್ಲವಾದ್ದರಿಂದ ಅನೇಕರು ಇದನ್ನು ಹಗುರವಾಗಿ ತೆಗೆದುಕೊಳ್ಳುತ್ತಾರೆ. ಅನುಮತಿಯಿಲ್ಲದ ಪ್ರವೇಶ ಗೊತ್ತಾದರೆ ಮುಂದಿನ ವೀಸಾ ಅರ್ಜಿಗಳಿಗೆ ಪೆಟ್ಟು ಬೀಳುತ್ತದೆ.

ಮಕ್ಕಳ ವಿಷಯ ಸಮಾಧಾನದ್ದು. ಬ್ರಿಟನ್ನಿನಲ್ಲಿ ನೆಲೆಸಿದ ಐರಿಶ್ ತಂದೆ ಅಥವಾ ತಾಯಿಗೆ ಅಲ್ಲಿ ಹುಟ್ಟಿದ ಮಗು ಹುಟ್ಟಿನಿಂದಲೇ ಬ್ರಿಟಿಷ್ ಪ್ರಜೆ. ಆ ತಂದೆ ಅಥವಾ ತಾಯಿ ಐರ್ಲೆಂಡ್ ದ್ವೀಪದಲ್ಲೇ ಹುಟ್ಟಿದ ಐರಿಶ್ ಪ್ರಜೆಯಾಗಿದ್ದರೆ ಮಗು ಐರಿಶ್ ಪ್ರಜೆಯೂ ಹೌದು.

ದೊಡ್ಡವರು ಬ್ರಿಟಿಷ್ ಪೌರತ್ವ ಬಯಸಿದರೆ ಈಗ ಹೊಸ ದಾರಿಯಿದೆ. ಬೆಲ್‌ಫಾಸ್ಟ್ ಪೂರ್ವ ಕ್ಷೇತ್ರದ ಸಂಸದ ಗ್ಯಾವಿನ್ ರಾಬಿನ್‌ಸನ್ ಮಂಡಿಸಿದ ಖಾಸಗಿ ಮಸೂದೆ 2024ರ ಮೇ ತಿಂಗಳಲ್ಲಿ ಕಾಯ್ದೆಯಾಯಿತು, 2025ರ ಜುಲೈನಲ್ಲಿ ಜಾರಿಗೆ ಬಂತು. ಗಡಿಯಾಚೆ ಕೆಲವೇ ಮೈಲಿ ದೂರದಲ್ಲಿ ಹುಟ್ಟಿ, ಬದುಕೆಲ್ಲ ಉತ್ತರ ಐರ್ಲೆಂಡಿನಲ್ಲೇ ಕಳೆದವರು ಪೂರ್ತಿ ಶುಲ್ಕ ಕಟ್ಟಿ ಬ್ರಿಟನ್ನಿನ ಜನಜೀವನದ ಪರೀಕ್ಷೆ ಬರೆಯಬೇಕಿದ್ದ ಹಳೆಯ ಅನ್ಯಾಯಕ್ಕೆ ಇದು ಉತ್ತರ. ಈಗ ಐದು ವರ್ಷ ವಾಸವಿದ್ದ ಯಾವ ಐರಿಶ್ ಪ್ರಜೆಯೂ ಆ ಪರೀಕ್ಷೆಯಿಲ್ಲದೆ ನೋಂದಾಯಿಸಿಕೊಳ್ಳಬಹುದು. ಐದು ವರ್ಷದಲ್ಲಿ ಬ್ರಿಟನ್ನಿನ ಹೊರಗೆ ಕಳೆದ ದಿನ 450 ಮೀರಬಾರದು, ಕೊನೆಯ ಹನ್ನೆರಡು ತಿಂಗಳಲ್ಲಿ 90 ಮೀರಬಾರದು. ಐರಿಶ್ ಪಾಸ್‌ಪೋರ್ಟಿಗೆ ಬ್ರಿಟನ್ನಿನಲ್ಲಿ ಮುದ್ರೆ ಬೀಳುವುದಿಲ್ಲ. ಗಡಿಯಾಚೆಯ ಐರಿಶ್ ಊರಾದ ಡಂಡಾಕ್‌ಗೆ ಹೋಗಿ ಎರಡು ರಾತ್ರಿ ಉಳಿದದ್ದನ್ನು ಯಾವ ಕಂಪ್ಯೂಟರೂ ಬರೆದುಕೊಂಡಿರುವುದಿಲ್ಲ. ಹಾಗಾಗಿ ಹೋದ ದಿನ, ಬಂದ ದಿನದ ಲೆಕ್ಕವನ್ನು ಮೊದಲ ವರ್ಷದಿಂದಲೇ ತಾವೇ ಬರೆದಿಡಬೇಕು. ಅದರ ಜೊತೆ ಪ್ರತಿ ವರ್ಷದ ಪಿ60 ತೆರಿಗೆ ಪತ್ರ, ಕೌನ್ಸಿಲ್ ಟ್ಯಾಕ್ಸ್ ಬಿಲ್, ಬಾಡಿಗೆ ಕರಾರು, ವೈದ್ಯರ ಬಳಿ ನೋಂದಾಯಿಸಿದ ಪತ್ರ ಒಂದೇ ಕಡತದಲ್ಲಿರಲಿ. ಮಗುವಿನ ಪಾಸ್‌ಪೋರ್ಟಿಗೂ ಸಂಗಾತಿಯ ವೀಸಾಕ್ಕೂ ನೆಲೆಸಿದ್ದಕ್ಕೆ ಸಾಕ್ಷಿ ಕೇಳಿದಾಗ ತೆರೆಯಬೇಕಾದದ್ದು ಇದೇ ಕಡತ.