ಹೂಳಿನೊಳಗೆ ನಿಂತು ನೋಡಿದರೆ

ಮುನಿರಾಬಾದ್ ಕಡೆಯಿಂದ ನೋಡಿದರೆ ತುಂಬಿದ ಟಿ.ಬಿ. (ತುಂಗಭದ್ರಾ) ಡ್ಯಾಮ್ ಸಮುದ್ರದಂತಿರುತ್ತದೆ. ತಳದ ಹೂಳು ಮಾತ್ರ ಯಾರ ಕಣ್ಣಿಗೂ ಬೀಳದು. ಕಟ್ಟಿದಾಗ ಸುಮಾರು 133 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ಇದ್ದ ಸಾಮರ್ಥ್ಯ 2016ರ ಸಮೀಕ್ಷೆಯಲ್ಲಿ 105.788ಕ್ಕೆ ಇಳಿದಿತ್ತು. ‘27 ಟಿಎಂಸಿ ಹೋಯಿತು’ ಎಂದರೆ ಏಳನೇ ತರಗತಿಯ ಮಗುವಿಗೆ ಏನು ತಿಳಿದೀತು? ಅಷ್ಟೇ ಹೂಳನ್ನು 378 ಚದರ ಕಿ.ಮೀ. ಹಿನ್ನೀರಿನಡಿ ಸಮನಾಗಿ ಹರಡಿದರೆ ಸುಮಾರು 2 ಮೀಟರ್ ದಪ್ಪ, ಆಳು ಮುಳುಗುವಷ್ಟು. ಹಿಮಕರಡಿಯ ವಿಡಿಯೊಗಿಂತ ಕೊಪ್ಪಳ, ರಾಯಚೂರಿನ ಮಕ್ಕಳಿಗೆ ವಿಆರ್‌ನಲ್ಲಿ (ಕಣ್ಣಿಗೆ ಹೆಡ್‌ಸೆಟ್ ಕಟ್ಟಿಕೊಂಡು ಒಳಗೇ ನಿಂತಂತೆ ನೋಡುವ ದೃಶ್ಯದಲ್ಲಿ) ಮೊದಲು ತೋರಿಸಬೇಕಾದ್ದು ಇದು.

ಹೂಳಿನ ಅಳತೆ ದೋಣಿಯಿಂದ ಸಿಗುತ್ತದೆ. ಎಕೋ ಸೌಂಡರ್ ತಳಕ್ಕೆ ಶಬ್ದ ಕಳಿಸಿ ಮರುದನಿಗೆ ಕಾಯುತ್ತದೆ. ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,500 ಮೀಟರ್. 20 ಮಿಲಿಸೆಕೆಂಡಿನಲ್ಲಿ ಮರಳಿದರೆ ಆಳ 15 ಮೀಟರ್. ಈಗಿನ ತಳವನ್ನು ಹಳೆಯ ನಕ್ಷೆಯ ತಳಕ್ಕೆ ಹೋಲಿಸಿದರೆ ಹೂಳಿನ ದಪ್ಪ ಗೊತ್ತಾಗುತ್ತದೆ. ಆ ಅಂಕಿಗಳಿಂದ ಬ್ಲೆಂಡರ್ ಎಂಬ 3ಡಿ ಸಾಫ್ಟ್‌ವೇರ್‌ನಲ್ಲಿ ನೆಲ ಮೂಡಿಸಿ, ಗೇಮ್ ಕಟ್ಟುವ ಸಾಫ್ಟ್‌ವೇರ್ ಯೂನಿಟಿಯಲ್ಲಿ ದೃಶ್ಯ ಕಟ್ಟಬಹುದು. ಅಂಕಿ ಸಿಗದಿದ್ದರೆ 2 ಮೀಟರ್ ಸರಾಸರಿಯೇ ಸಾಕು. ಆದರೆ ಅದು ಸರಾಸರಿ ಎಂದು ಮಕ್ಕಳಿಗೆ ಹೇಳಲೇಬೇಕು: ಹೊಳೆಯ ಓಟ ನಿಧಾನವಾಗುವ ಹಿನ್ನೀರಿನ ತುದಿಯಲ್ಲಿ ಮರಳು ಮೊದಲು ಕೂರುತ್ತದೆ, ನುಣ್ಣನೆಯ ಮಣ್ಣು ಡ್ಯಾಮಿನವರೆಗೂ ಬರುತ್ತದೆ.

ಆ ದೃಶ್ಯದಲ್ಲಿ ಮಗು ಹಳೆಯ ತಳದ ಮೇಲೆ ನಿಂತಿರುತ್ತದೆ. ಕೆಂಪು ಮಣ್ಣು ಮೊಣಕಾಲು, ಎದೆ ದಾಟಿ ತಲೆಯ ಮೇಲಕ್ಕೆ ಏರುತ್ತದೆ. ಮಗು ತಾನಾಗಿಯೇ ಕತ್ತೆತ್ತುತ್ತದೆ. ಇಲ್ಲಿ ಎಡವುವುದು ನೆಲದ ಮಟ್ಟದಲ್ಲಿ. ಹೆಡ್‌ಸೆಟ್‌ಗೆ ಕೋಣೆಯ ನೆಲ ಸರಿಯಾಗಿ ತೋರಿಸದಿದ್ದರೆ ಹೂಳು ಎದೆಮಟ್ಟಕ್ಕೇ ನಿಂತು ಇಡೀ ಪಾಠ ಸುಳ್ಳಾಗುತ್ತದೆ. ಚಂದ ಕಾಣಲೆಂದು ಎತ್ತರವನ್ನು ಹಿಗ್ಗಿಸುವುದೂ ಅಷ್ಟೇ ತಪ್ಪು.

ಹೂಳು ಏರಲಿ, ಕಾಲಡಿಯ ನೆಲ ಅಲುಗಬಾರದು. ಕಣ್ಣು ಚಲನೆ ಕಂಡು ಒಳಕಿವಿ ಅದನ್ನು ಅರಿಯದಿದ್ದರೆ ತಲೆ ಸುತ್ತಿ ವಾಂತಿ ಬರುತ್ತದೆ. ಸೆಕೆಂಡಿಗೆ 72 ಚಿತ್ರಗಳಿಗಿಂತ ಕಡಿಮೆಯಾದರೂ ಅದೇ ಪಾಡು. ಒಬ್ಬರಿಗೆ ನಾಲ್ಕು ನಿಮಿಷ ಸಾಕು. 10 ವರ್ಷದೊಳಗಿನವರಿಗೆ ಬೇಡ.

ನಮ್ಮ ಕಡೆಯ ದೊಡ್ಡ ತೊಂದರೆ ಬಿಸಿಲು. ಬೇಸಿಗೆಯ ತರಗತಿಯಲ್ಲಿ 35 ಡಿಗ್ರಿ ದಾಟಿದರೆ ಹೆಡ್‌ಸೆಟ್ ಬಿಸಿಯೇರಿ ನಿಧಾನವಾಗುತ್ತದೆ, ಕೆಲವೊಮ್ಮೆ ಆಫ್ ಆಗುತ್ತದೆ. ಬೆಳಗಿನ ಹೊತ್ತೇ ಮುಗಿಸಿ. ಕಿಟಕಿ ಬಿಸಿಲು ಲೆನ್ಸಿಗೆ ಬಿದ್ದರೆ ಭೂತಗನ್ನಡಿಯಂತೆ ಸ್ಕ್ರೀನನ್ನೇ ಸುಡುತ್ತದೆ, ತೆಗೆದ ಕೂಡಲೇ ಬಟ್ಟೆ ಚೀಲಕ್ಕೆ ಹಾಕಿ.

ಸರದಿಗೆ ಕಾಯುವ ಮಕ್ಕಳ ಕೈಗೆ ಮಳೆಗಾಲದ ಹೊಳೆನೀರು ತುಂಬಿದ ಬಾಟಲಿ ಕೊಡಿ. ರಾತ್ರಿಯಿಡೀ ಅಲುಗಿಸದೆ ಇಟ್ಟು, ಬೆಳಿಗ್ಗೆ ಅಡಿಯಲ್ಲಿ ಕೂತ ಮಣ್ಣನ್ನು ಸ್ಕೇಲಿನಲ್ಲಿ ಅಳೆಯಲಿ.