ಹೈಬರ್ನೇಟ್ ಎಂದರೇನು? ಲ್ಯಾಪ್‌ಟಾಪ್ ಸರಿಯಾಗಿ ಏಳದಿದ್ದರೆ ಎಲ್ಲಿ ನೋಡಬೇಕು?

ಮುಚ್ಚಳ ಮುಚ್ಚಿದರೆ ಲ್ಯಾಪ್‌ಟಾಪ್ ಆಫ್ ಆಯಿತು ಎಂದು ತುಂಬಾ ಜನ ತಿಳಿದಿದ್ದಾರೆ. ಆಫ್ ಆಗುವುದಿಲ್ಲ. ಹೆಚ್ಚಿನವು ಆಗ ಸ್ಲೀಪ್‌ಗೆ ಹೋಗುತ್ತವೆ. ಹೈಬರ್ನೇಟ್ ಅದಲ್ಲ, ಅದು ಬೇರೆಯೇ. ಇವೆರಡರ ವ್ಯತ್ಯಾಸ ಗೊತ್ತಿದ್ದರೆ "ಲ್ಯಾಪ್‌ಟಾಪ್ ಏಳ್ತಾನೇ ಇಲ್ಲ" ಎನ್ನುವ ಎಷ್ಟೋ ದೂರುಗಳು ಮನೆಯಲ್ಲೇ ಬಗೆಹರಿಯುತ್ತವೆ.

ನೀವು ತೆರೆದಿಟ್ಟ ಫೈಲು, ಬ್ರೌಸರಿನ ಟ್ಯಾಬು, ಅರ್ಧ ಬರೆದ ಮೇಲ್ ಎಲ್ಲವೂ ತಾತ್ಕಾಲಿಕ ಮೆಮೊರಿಯಾದ ರ್‍ಯಾಮ್‌ನಲ್ಲಿರುತ್ತವೆ. ರ್‍ಯಾಮ್‌ಗೆ ಕರೆಂಟು ನಿಂತರೆ ಅದರಲ್ಲಿದ್ದದ್ದೆಲ್ಲ ಹೋಗುತ್ತದೆ. ಸ್ಲೀಪ್‌ನಲ್ಲಿ ಪರದೆ ಆರಿದರೂ ರ್‍ಯಾಮ್‌ಗೆ ಬ್ಯಾಟರಿಯಿಂದ ಸ್ವಲ್ಪ ಸ್ವಲ್ಪ ಕರೆಂಟು ಹೋಗುತ್ತಲೇ ಇರುತ್ತದೆ. ಹೈಬರ್ನೇಟ್‌ನಲ್ಲಿ ರ್‍ಯಾಮ್‌ನಲ್ಲಿದ್ದದ್ದನ್ನು ಡಿಸ್ಕಿನ ಒಂದು ಫೈಲಿಗೆ ಬರೆದಿಟ್ಟು, ಲ್ಯಾಪ್‌ಟಾಪ್ ಪೂರ್ತಿ ಆಫ್ ಆಗುತ್ತದೆ. ಅಂಗಡಿಯ ಲೆಕ್ಕದ ಪುಸ್ತಕವನ್ನು ಮೇಜಿನ ಮೇಲೆ ಬಿಚ್ಚಿಟ್ಟು ವಾಚ್‌ಮನ್ ಕೂರಿಸಿ ಹೋಗುವುದು ಸ್ಲೀಪ್. ಪುಸ್ತಕವನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ ಎಲ್ಲರೂ ಮನೆಗೆ ಹೋಗುವುದು ಹೈಬರ್ನೇಟ್. ಸ್ಲೀಪ್‌ನಿಂದ ಏಳಲು ಒಂದೆರಡು ಸೆಕೆಂಡು ಸಾಕು, ಹೈಬರ್ನೇಟ್‌ನಿಂದ ಏಳಲು ಜಾಸ್ತಿ ಹೊತ್ತು ಬೇಕು. ಆದರೆ ಹೈಬರ್ನೇಟ್‌ನಲ್ಲಿ ಬ್ಯಾಟರಿ ಖಾಲಿಯಾದರೂ ನಿಮ್ಮ ಕೆಲಸ ಹೋಗುವುದಿಲ್ಲ.

ಈ ಸ್ಥಿತಿಗಳಿಗೆ ಎಸ್3, ಎಸ್4 ಎಂಬ ಹೆಸರುಗಳಿವೆ. ಇಂಟೆಲ್, ಮೈಕ್ರೋಸಾಫ್ಟ್, ತೋಶಿಬಾ ಸೇರಿ 1996ರಲ್ಲಿ ಹೊರತಂದ ಎಸಿಪಿಐ ಎಂಬ, ಕಂಪ್ಯೂಟರಿನ ವಿದ್ಯುತ್ ನಿರ್ವಹಣೆಯ ನಿಯಮಾವಳಿಯಿಂದ ಬಂದವು ಇವು. ಎಸ್3 ಹಳೆಯ ಬಗೆಯ ಸ್ಲೀಪ್, ಎಸ್4 ಹೈಬರ್ನೇಟ್. ಈಚಿನ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಎಸ್3 ಇರುವುದೇ ಇಲ್ಲ. ಅದರ ಬದಲು ಮಾಡರ್ನ್ ಸ್ಟ್ಯಾಂಡ್‌ಬೈ ಇದೆ. ಫೋನಿನ ಹಾಗೆ ಪರದೆ ಆರಿದ ಮೇಲೂ ಒಳಗೆ ಮೇಲ್ ತರಿಸುವುದು, ಅಪ್‌ಡೇಟ್ ನೋಡುವುದು ನಡೆದಿರುತ್ತದೆ.

ಮುಂಬೈಯಲ್ಲಿ ಇದರ ತೊಂದರೆ ಬೇಗ ಕಣ್ಣಿಗೆ ಬೀಳುತ್ತದೆ. ಡೊಂಬಿವಲಿಯಲ್ಲಿ ಮುಚ್ಚಳ ಮುಚ್ಚಿ, ಬ್ಯಾಗಿಗೆ ಹಾಕಿ, ಲೋಕಲ್ ಹತ್ತುತ್ತೀರಿ. ಸಿಎಸ್‌ಎಂಟಿ ತಲುಪಲು ಒಂದು ಗಂಟೆಗೂ ಜಾಸ್ತಿ. ಆಫೀಸಿನಲ್ಲಿ ಬ್ಯಾಗ್ ತೆರೆದರೆ ಲ್ಯಾಪ್‌ಟಾಪ್ ಬಿಸಿ ಬಿಸಿ, ಬ್ಯಾಟರಿ ಅರ್ಧಕ್ಕಿಳಿದಿರುತ್ತದೆ. ಮಷಿನ್ ಕೆಟ್ಟಿದೆ ಎಂದು ಹೆದರಬೇಡಿ. ಅದು ಮಲಗಿಯೇ ಇರಲಿಲ್ಲ, ಅಷ್ಟೇ. ಗಾಳಿಯಾಡದ ಬ್ಯಾಗಿನಲ್ಲಿ ದಿನಾ ಹೀಗೆ ಕಾದರೆ ಮಾತ್ರ ಬ್ಯಾಟರಿ ಬಾಳಿಕೆ ಬರುವುದಿಲ್ಲ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ, ಮುಚ್ಚಳ ಮುಚ್ಚಿದಾಗ ಏನಾಗಬೇಕು ಎಂಬಲ್ಲಿ ಹೈಬರ್ನೇಟ್ ಆರಿಸಿ. ದಿನಾ ಓಡಾಡುವವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಅಲ್ಲಿ ಹೈಬರ್ನೇಟ್ ಎಂಬ ಆಯ್ಕೆಯೇ ಕಾಣದಿದ್ದರೆ? ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. 'ಪವರ್‌ಸಿಎಫ್‌ಜಿ' ಎಂದು ಕೂಡಿಸಿ ಟೈಪ್ ಮಾಡಿ, ಒಂದು ಸ್ಪೇಸ್ ಬಿಟ್ಟು, ಸ್ಲ್ಯಾಶ್ ಹಾಕಿ 'ಎ' ಬರೆದು ಎಂಟರ್ ಒತ್ತಿ (powercfg /a). ನಿಮ್ಮ ಲ್ಯಾಪ್‌ಟಾಪ್‌ಗೆ ಯಾವ ಯಾವ ಬಗೆಯ ನಿದ್ದೆ ಬರುತ್ತದೆ, ಯಾವುದು ಬರುವುದಿಲ್ಲ, ಏಕೆ ಬರುವುದಿಲ್ಲ ಎಲ್ಲವನ್ನೂ ಅದು ಹೇಳುತ್ತದೆ. ಹೈಬರ್ನೇಟ್ ಆಫ್ ಆಗಿದ್ದರೆ, 'ಎ' ಜಾಗದಲ್ಲಿ 'ಎಚ್' ಹಾಕಿ, ಸ್ಪೇಸ್ ಬಿಟ್ಟು 'ಆನ್' ಎಂದು ಕೊಡಿ (powercfg /h on). ಡಿಸ್ಕಿನಲ್ಲಿ ಜಾಗ ಇರಬೇಕು. ವಿಂಡೋಸ್ 10ರಲ್ಲಿ ಹೈಬರ್ನೇಟ್ ಫೈಲು ಸಾಮಾನ್ಯವಾಗಿ ರ್‍ಯಾಮ್‌ನ 40 ಶೇಕಡಾದಷ್ಟು ಇರುತ್ತದೆ. 16 ಜಿಬಿ ರ್‍ಯಾಮ್ ಇದ್ದರೆ ಸುಮಾರು ಆರೂವರೆ ಜಿಬಿ ಆಯಿತು. ಸಿ ಡ್ರೈವ್ ತುಂಬಿತೆಂದು ಯಾರೋ ಹೈಬರ್ನೇಟ್ ಆಫ್ ಮಾಡಿ ಆ ಫೈಲು ತೆಗೆದಿರುತ್ತಾರೆ, ಆಮೇಲೆ ಆಯ್ಕೆ ಎಲ್ಲಿ ಹೋಯಿತು ಎಂದು ಮನೆಯವರೆಲ್ಲ ಹುಡುಕುತ್ತಾರೆ.

ಇನ್ನು ಏಳದಿರುವ ವಿಷಯ. ಸ್ಲೀಪ್‌ನಲ್ಲಿದ್ದರೆ ಕೀಬೋರ್ಡ್ ಮುಟ್ಟಿದರೂ ಏಳುತ್ತದೆ. ಹೈಬರ್ನೇಟ್‌ನಲ್ಲಿದ್ದರೆ ಸಾಮಾನ್ಯವಾಗಿ ಏಳುವುದಿಲ್ಲ, ಪವರ್ ಬಟನ್ ಒತ್ತಬೇಕು. ಬ್ಯಾಟರಿ ತೀರಾ ಇಳಿದಾಗ ಅನೇಕ ಲ್ಯಾಪ್‌ಟಾಪ್‌ಗಳು ಸ್ಲೀಪ್‌ನಿಂದ ತಾವೇ ಹೈಬರ್ನೇಟ್‌ಗೆ ಹೋಗುತ್ತವೆ. ಅದು ಗೊತ್ತಿಲ್ಲದೆ ಜನ ಕೀಬೋರ್ಡ್ ಕುಟ್ಟುತ್ತಾರೆ, ಆಮೇಲೆ ಗಾಬರಿಯಲ್ಲಿ ಪವರ್ ಬಟನ್ ಅದುಮಿ ಹಿಡಿಯುತ್ತಾರೆ. ಅದುಮಿ ಹಿಡಿದರೆ ಬಲವಂತದಿಂದ ಆಫ್ ಆಗುತ್ತದೆ, ಸೇವ್ ಮಾಡದ ಕೆಲಸ ಹೋಗಬಹುದು. ಚಾರ್ಜರ್ ಹಾಕಿ, ಒಂದೇ ಸಲ ಮೆಲ್ಲಗೆ ಒತ್ತಿ, ಅರ್ಧ ನಿಮಿಷ ಕಾಯಿರಿ.

ಫ್ಯಾನ್ ಸದ್ದು ಕೇಳುತ್ತಿದೆ, ದೀಪ ಉರಿಯುತ್ತಿದೆ, ಪರದೆ ಮಾತ್ರ ಕಪ್ಪು ಎಂದಾದರೆ ಗ್ರಾಫಿಕ್ಸ್ ಡ್ರೈವರ್ (ಪರದೆಗೆ ಚಿತ್ರ ಕಳಿಸುವ ಭಾಗವನ್ನು ನಡೆಸುವ ಸಾಫ್ಟ್‌ವೇರ್) ಮೇಲೆ ಅನುಮಾನ ಪಡಬೇಕು. ಎದ್ದ ಕೂಡಲೇ ಪ್ರತಿ ಭಾಗವನ್ನೂ ಅದರ ಡ್ರೈವರ್ ಮತ್ತೆ ಕೆಲಸಕ್ಕೆ ಹಚ್ಚಬೇಕು. ಒಂದು ತಪ್ಪಿದರೂ ಎಲ್ಲವೂ ಸಿಕ್ಕಿಹಾಕಿಕೊಂಡ ಹಾಗೆ ಕಾಣುತ್ತದೆ. ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ನಾಲ್ಕೂ ಕೀ ಒಟ್ಟಿಗೆ ಒತ್ತಿ ನೋಡಿ. ಗ್ರಾಫಿಕ್ಸ್ ಡ್ರೈವರ್ ಮಾತ್ರ ಹೊಸದಾಗಿ ಶುರುವಾಗುತ್ತದೆ, ನಿಮ್ಮ ಫೈಲುಗಳು ಹಾಗೇ ಇರುತ್ತವೆ. ಇದು ಪದೇ ಪದೇ ಆದರೆ ಲ್ಯಾಪ್‌ಟಾಪ್ ಕಂಪನಿಯ ಸೈಟಿನಿಂದ ಡ್ರೈವರ್ ಮತ್ತು ಬಯಾಸ್ (ಲ್ಯಾಪ್‌ಟಾಪನ್ನು ಶುರು ಮಾಡುವ ಮೂಲ ಸಾಫ್ಟ್‌ವೇರ್) ಎರಡನ್ನೂ ಅಪ್‌ಡೇಟ್ ಮಾಡಿ.

ಹೈಬರ್ನೇಟ್ ಇನ್ನೊಂದು ವೇಷದಲ್ಲೂ ಬರುತ್ತದೆ. ಕಾಂದಿವಲಿಯಲ್ಲಿ ನನಗೆ ಪರಿಚಯದ ಒಬ್ಬರು ಹೋಟೆಲ್ ನಡೆಸುತ್ತಾರೆ. ಬೆಳಿಗ್ಗೆ ಗಲ್ಲಾದ ಲ್ಯಾಪ್‌ಟಾಪ್‌ಗೆ ಬಿಲ್ ಪ್ರಿಂಟರ್ ಸಿಗುತ್ತಿಲ್ಲವೆಂದು ಫೋನ್ ಬಂತು.

"ಶೆಟ್ರೇ, ರೀಸ್ಟಾರ್ಟ್ ಮಾಡಿದ್ರಾ?"

"ಎರಡು ಸಲ ಬಂದ್ ಮಾಡಿ ಚಾಲೂ ಮಾಡಿದೆ ಮಾರಾಯ್ರೆ. ಮತ್ತೆ ಅದೇ ಕತೆ."

"ಬಂದ್ ಮಾಡೋದು ಬೇರೆ, ರೀಸ್ಟಾರ್ಟ್ ಬೇರೆ. ಮೆನುವಿನಲ್ಲಿ ರೀಸ್ಟಾರ್ಟ್ ಅಂತಲೇ ಇದೆ, ಅದನ್ನು ಒತ್ತಿ."

ಒತ್ತಿದರು, ಪ್ರಿಂಟರ್ ಸಿಕ್ಕಿತು. ವಿಂಡೋಸ್ 8ರಿಂದ ಫಾಸ್ಟ್ ಸ್ಟಾರ್ಟಪ್ ಎಂಬುದಿದೆ. ಅದು ಆನ್ ಇದ್ದರೆ, ನೀವು ಶಟ್‌ಡೌನ್ ಕೊಟ್ಟಾಗ ನಿಮ್ಮ ಪ್ರೋಗ್ರಾಮುಗಳು ಮುಚ್ಚಿದರೂ ವಿಂಡೋಸ್‌ನ ಒಳಭಾಗ ಹೈಬರ್ನೇಟ್ ಆಗುತ್ತದೆ. ಮರುದಿನ ಹಳೆಯ ಗೊಂದಲ ಸಮೇತ ಮತ್ತೆ ಏಳುತ್ತದೆ. ರೀಸ್ಟಾರ್ಟ್ ಕೊಟ್ಟರೆ ಮಾತ್ರ ಎಲ್ಲ ಹೊಸದಾಗಿ ಶುರು. ಎಸ್‌ಎಸ್‌ಡಿ (ವೇಗದ ಡಿಸ್ಕ್) ಇರುವವರಿಗೆ ಫಾಸ್ಟ್ ಸ್ಟಾರ್ಟಪ್‌ನಿಂದ ದೊಡ್ಡ ಲಾಭವೇನೂ ಇಲ್ಲ, ತೊಂದರೆ ಕೊಡುತ್ತಿದ್ದರೆ ಆಫ್ ಮಾಡಿ. ಅದೇ ಲ್ಯಾಪ್‌ಟಾಪ್‌ನಲ್ಲಿ ಲಿನಕ್ಸ್ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಂ ಕೂಡ ಇದ್ದರೆ ಆಫ್ ಮಾಡಲೇಬೇಕು. ಹೈಬರ್ನೇಟ್ ಆದ ವಿಂಡೋಸ್ ಪಾರ್ಟಿಷನ್ನಿಗೆ ಲಿನಕ್ಸ್‌ನಿಂದ ಬರೆಯಲು ಹೋದರೆ ಫೈಲುಗಳು ಕೆಡುವ ಅಪಾಯ ಇದೆ.

ಲಿನಕ್ಸ್‌ನಲ್ಲೇ ಹೈಬರ್ನೇಟ್ ಬೇಕೆಂದರೆ ಸ್ವಾಪ್ ಜಾಗ (ಮೆಮೊರಿಯಲ್ಲಿದ್ದದ್ದನ್ನು ಬರೆದಿಡಲು ಡಿಸ್ಕಿನಲ್ಲಿ ಮೀಸಲಿಟ್ಟ ಜಾಗ) ಸಾಕಷ್ಟಿದೆಯೇ ನೋಡಿ. ಸೆಕ್ಯೂರ್ ಬೂಟ್ (ಸಹಿ ಇಲ್ಲದ ಸಾಫ್ಟ್‌ವೇರ್‌ನಿಂದ ಲ್ಯಾಪ್‌ಟಾಪ್ ಶುರುವಾಗದಂತೆ ತಡೆಯುವ ಸೆಟ್ಟಿಂಗ್) ಆನ್ ಇದ್ದರೆ ಅನೇಕ ಲಿನಕ್ಸ್‌ಗಳು ಹೈಬರ್ನೇಟ್ ಮಾಡಲು ಬಿಡುವುದೇ ಇಲ್ಲ.

ಸ್ಲೀಪ್‌ನಲ್ಲಿಟ್ಟ ಲ್ಯಾಪ್‌ಟಾಪ್ ನಡುರಾತ್ರಿ ತಾನಾಗಿ ಎದ್ದು ಪರದೆ ಬೆಳಗುತ್ತಿದ್ದರೆ, ಅದೇ ಪವರ್‌ಸಿಎಫ್‌ಜಿಗೆ ಸ್ಲ್ಯಾಶ್ ಹಾಕಿ 'ಲಾಸ್ಟ್‌ವೇಕ್' ಎಂದು ಕೇಳಿ (powercfg /lastwake). ಕೊನೆಯ ಸಲ ಎಬ್ಬಿಸಿದ್ದು ಮೌಸೋ, ನೆಟ್‌ವರ್ಕ್ ಕಾರ್ಡೋ ಅಲ್ಲಿ ಗೊತ್ತಾಗುತ್ತದೆ. ಡಿವೈಸ್ ಮ್ಯಾನೇಜರ್‌ಗೆ ಹೋಗಿ ಆ ಸಾಧನಕ್ಕೆ ಕಂಪ್ಯೂಟರನ್ನು ಎಬ್ಬಿಸುವ ಅನುಮತಿ ತೆಗೆದುಬಿಡಿ.

ಇಷ್ಟೆಲ್ಲ ಮಾಡಿದರೂ ಸರಿಹೋಗದಿದ್ದರೆ ಮುಂಬೈಯ ಕಂಪ್ಯೂಟರ್ ಅಂಗಡಿಗಳ ಬೀದಿ ಲ್ಯಾಮಿಂಗ್ಟನ್ ರೋಡಿಗೋ ಹತ್ತಿರದ ರಿಪೇರಿ ಅಂಗಡಿಗೋ ಒಯ್ಯಿರಿ. ಸುಮ್ನೆ "ಫಾರ್ಮ್ಯಾಟ್ ಮಾಡಿ ಕೊಡ್ತೀವಿ" ಎಂದರೆ ತಕ್ಷಣ ಒಪ್ಪಬೇಡಿ. ಸ್ಲೀಪ್‌ನಿಂದ ಏಳುತ್ತಿಲ್ಲವೋ ಹೈಬರ್ನೇಟ್‌ನಿಂದಲೋ, ಚಾರ್ಜರ್ ಹಾಕಿದ್ದಾಗಲೂ ಹೀಗೇ ಆಗುತ್ತದೋ ಎಂದು ಮೊದಲೇ ಬರೆದುಕೊಂಡು ಹೋಗಿ ತೋರಿಸಿ. ಪವರ್‌ಸಿಎಫ್‌ಜಿಯ 'ಬ್ಯಾಟರಿರಿಪೋರ್ಟ್' (powercfg /batteryreport) ಕೂಡ ಜೊತೆಗಿರಲಿ. ಹೊಸದರಲ್ಲಿ ಬ್ಯಾಟರಿಗೆ ಎಷ್ಟು ಶಕ್ತಿ ಇತ್ತು, ಈಗ ಪೂರ್ತಿ ಚಾರ್ಜ್ ಆದರೆ ಎಷ್ಟು ಹಿಡಿಯುತ್ತದೆ ಎರಡೂ ಅದರಲ್ಲಿವೆ. ಅಂತರ ತುಂಬಾ ಇದ್ದರೆ ಫಾರ್ಮ್ಯಾಟ್‌ಗೆ ದುಡ್ಡು ಕೊಡುವ ಮೊದಲು ಬ್ಯಾಟರಿ ಬದಲಿಸಿ ನೋಡಲು ಹೇಳಿ.