ಸೈಕಲ್ ಬರದವರಿಗೆ ಸ್ಕೂಟರ್ ಬರಲ್ವಾ?

ಪ್ರಶ್ನೆ: ನನಗೆ 57 ವರ್ಷ. ಸ್ಕೂಟರ್ ಓಡಿಸಬೇಕು ಅನ್ನೋದು ಮದುವೆಗೆ ಮುಂಚಿನಿಂದ ಇದ್ದ ಆಸೆ. ಆಗ ಅಪ್ಪ ಬೇಡ ಅಂದರು. ಆಮೇಲೆ ಮಕ್ಕಳು, ಅತ್ತೆಯ ಆರೈಕೆ ಅಂತ ದಿನ ಕಳೆಯಿತು. ಈಗ ಪುರುಸೊತ್ತಿದೆ, ಆದರೆ ಭಯ. ಸೈಕಲ್ಲೂ ಬರುವುದಿಲ್ಲ. ಸೈಕಲ್ ಬರದವರಿಗೆ ಸ್ಕೂಟರ್ ಬರಲ್ಲ ಅಂತಾರೆ, ನಿಜವಾ? ಮೊದಲು ಭಯ ಹೋಗಲಿ ಅಂತ ಕಾಯುತ್ತಿದ್ದೇನೆ.
(ಓದುಗರೊಬ್ಬರು, ಕುವೆಂಪುನಗರ, ಮೈಸೂರು)

ಉತ್ತರ: ಸುಳ್ಳು. ಸೈಕಲ್ ಬರದಿದ್ದರೂ ಸ್ಕೂಟರ್ ಬರುತ್ತದೆ. ಇನ್ನು ಭಯ, ಅದು ಮೊದಲು ಹೋಗುವುದಿಲ್ಲ. ಅವಸರ ಇದ್ದವರು ಇಲ್ಲಿಗೇ ಓದು ನಿಲ್ಲಿಸಿ ಗಾಡಿ ಹತ್ತಿರ ಹೋಗಬಹುದು.

ಹನ್ನೆರಡು ವರ್ಷದಿಂದ ಮೈಸೂರಿನಲ್ಲಿ ಹೆಂಗಸರಿಗೆ ಸ್ಕೂಟರ್ ಹೇಳಿಕೊಡುತ್ತಿದ್ದೇನೆ. ರಿಂಗ್ ರೋಡ್ ಆಚೆಯ ಹೊಸ ಬಡಾವಣೆಗಳಲ್ಲಿ ಸೈಟ್ ಹಂಚಿ, ರಸ್ತೆ ಹಾಕಿ, ಮನೆ ಮಾತ್ರ ಇನ್ನೂ ಎದ್ದಿರುವುದಿಲ್ಲವಲ್ಲ, ಅಂಥ ರಸ್ತೆಗಳೇ ನನ್ನ ಶಾಲೆ. ಬೆಳಿಗ್ಗೆ ಆರರಿಂದ ಎಂಟು. ಫೋನ್ ಮಾಡುವವರಲ್ಲಿ ಅರ್ಧಕ್ಕರ್ಧ ಜನ ಹೆಸರು ಹೇಳುವುದಕ್ಕೂ ಮುಂಚೆ "ಮೇಡಂ, ನಂಗೆ ಸೈಕಲ್ ಬರಲ್ಲ" ಅನ್ನುತ್ತಾರೆ. ಏನೋ ಹಳೇ ಕೇಸು ಒಪ್ಪಿಕೊಂಡ ಹಾಗೆ.

ಈ ಮಾತು ಎಲ್ಲಿಂದ ಹುಟ್ಟಿತು ಅಂತ ನನಗೊಂದು ಅಂದಾಜಿದೆ. ಇದನ್ನು ಹೇಳುವವರು ಸಾಮಾನ್ಯವಾಗಿ ಮನೆಯ ಗಂಡಸರು. ಹತ್ತು ವರ್ಷದವರಿದ್ದಾಗ ಅಪ್ಪನ ದೊಡ್ಡ ಸೈಕಲ್ಲಿನ ಬಾರ್ ಕೆಳಗೆ ಕಾಲು ತೂರಿಸಿ, ಒಳಪೆಡಲ್ ಹೊಡೆದು, ಮೊಣಕಾಲು ಕೆತ್ತಿಸಿಕೊಂಡು ಕಲಿತವರು. ಅವರಿಗೆ ಸೈಕಲ್ ಮೊದಲು ಬಂತು, ಸ್ಕೂಟರ್ ಆಮೇಲೆ ಬಂತು. ಅಷ್ಟಕ್ಕೇ ಇದು ಬಂದರೇನೇ ಅದು ಬರೋದು ಅಂದುಕೊಂಡುಬಿಟ್ಟಿದ್ದಾರೆ. ನಾವು ಇಡ್ಲಿ ತಿಂದ ಮೇಲೆ ಕಾಫಿ ಕುಡಿಯುತ್ತೇವೆ. ಹಾಗಂತ ಇಡ್ಲಿ ತಿನ್ನದವರ ಗಂಟಲಲ್ಲಿ ಕಾಫಿ ಇಳಿಯುವುದಿಲ್ಲವಾ?

ನಿಜ ಹೇಳಬೇಕೆಂದರೆ ಎರಡರಲ್ಲಿ ಸೈಕಲ್ಲೇ ಕಷ್ಟ. ಸೈಕಲ್ಲಿನಲ್ಲಿ ಓಟವೂ ನಿಮ್ಮದೇ, ಬ್ಯಾಲೆನ್ಸೂ ನಿಮ್ಮದೇ. ಕಾಲು ಪೆಡಲ್ ತುಳಿಯುತ್ತಲೇ ಇರಬೇಕು. ಹ್ಯಾಂಡಲ್ ಸ್ವಲ್ಪ ಅಲ್ಲಾಡಿದ ಕೂಡಲೇ ಹೆದರಿ ತುಳಿಯುವುದನ್ನು ನಿಲ್ಲಿಸುತ್ತೀರಿ. ನಿಲ್ಲಿಸಿದರೆ ವೇಗ ಇಳಿಯುತ್ತದೆ, ವೇಗ ಇಳಿದರೆ ಇನ್ನೂ ಜಾಸ್ತಿ ಅಲ್ಲಾಡುತ್ತದೆ, ಬೀಳುತ್ತೀರಿ. ಸ್ಕೂಟರಿನಲ್ಲಿ ಓಟದ ಕೆಲಸ ಇಂಜಿನ್ನಿನದು. ಸೀಟು ನೆಲದಿಂದ ಸುಮಾರು 76 ಸೆಂಟಿಮೀಟರ್ ಎತ್ತರ ಅಷ್ಟೇ. ಐದಡಿಯವರಿಗೂ ಎರಡೂ ಕಾಲಿನ ಬೆರಳು ನೆಲಕ್ಕೆ ತಾಗುತ್ತವೆ. ಕಾಲಿಗೆ ಬೇರೆ ಕೆಲಸ ಇಲ್ಲವಾದ್ದರಿಂದ ಬೇಕೆಂದಾಗ ನೆಲಕ್ಕೆ ಊರಬಹುದು.

ಬ್ಯಾಲೆನ್ಸ್ ಅಂದರೆ ಹುಟ್ಟುತ್ತಾ ಪಡೆದುಕೊಂಡು ಬಂದ ವರ ಅಲ್ಲ. ಅಂಗೈ ಮೇಲೆ ಪೊರಕೆ ಕಡ್ಡಿ ನಿಲ್ಲಿಸಿ ಆಡಿದ್ದೀರಲ್ಲ, ಕಡ್ಡಿ ಎತ್ತ ವಾಲುತ್ತೋ ಕೈ ಅತ್ತ ಸರಿಯುತ್ತದೆ. ಎರಡು ಚಕ್ರದ ಗಾಡಿಯದೂ ಅದೇ ಆಟ. ಬಲಕ್ಕೆ ವಾಲಿದಾಗ ಹ್ಯಾಂಡಲ್ ಒಂದು ಚೂರು ಬಲಕ್ಕೆ ತಿರುಗಿದರೆ ಚಕ್ರ ಬಂದು ನಿಮ್ಮ ಭಾರದ ಕೆಳಗೆ ನಿಲ್ಲುತ್ತದೆ. ಇದನ್ನು ತಲೆ ಕಲಿಯುವುದಿಲ್ಲ, ಕೈ ಕಲಿಯುತ್ತದೆ. ಸೈಕಲ್ ಬರುವವರ ಕೈ ಇದನ್ನು ಮುಂಚೆಯೇ ಕಲಿತಿರುತ್ತದೆ, ಅವರು ಮೂರು ನಾಲ್ಕು ದಿನ ಬೇಗ ಕಲಿಯುತ್ತಾರೆ. ಲಾಭ ಅಷ್ಟೇ. ಮೂರು ನಾಲ್ಕು ದಿನದ ಲಾಭಕ್ಕೆ ಮೂವತ್ತು ವರ್ಷ ಸುಮ್ನೆ ಕೂತವರನ್ನು ನೋಡಿದಾಗ ನನಗೆ ಸಿಟ್ಟು ಬರುತ್ತದೆ. ಅವರ ಮೇಲಲ್ಲ, ಹೇಳಿದವರ ಮೇಲೆ.

ಸ್ಕೂಟರಿನಲ್ಲಿ ಹೆದರಬೇಕಾದ ಜಾಗ ಬೇರೆ ಇದೆ, ಅದನ್ನು ಯಾರೂ ಹೇಳುವುದಿಲ್ಲ. ಗಾಬರಿಯಾದಾಗ ಮುಷ್ಟಿ ಬಿಗಿಯುತ್ತದೆ. ಬಲಗೈ ಮುಷ್ಟಿಯಲ್ಲಿ ಎಕ್ಸಲೇಟರ್ ಇದೆ. ಅಂದರೆ ನಿಲ್ಲಿಸಬೇಕು ಅನ್ನಿಸಿದ ಹೊತ್ತಿಗೇ ರೇಸ್ ಏರುತ್ತದೆ. ಹೊಸಬರು ಕಾಂಪೌಂಡಿಗೆ ಹೋಗಿ ಗುದ್ದುವುದು ಹೀಗೆ. ಸೈಕಲ್ ಚಾಂಪಿಯನ್ನರೂ ಗುದ್ದಿದ್ದಾರೆ, ಯಾಕಂದ್ರೆ ಸೈಕಲ್ಲಿಗೆ ಎಕ್ಸಲೇಟರ್ ಇಲ್ಲ. ಅದಕ್ಕೇ ನನ್ನ ಹತ್ತಿರ ಮೊದಲ ನಾಲ್ಕು ದಿನ ಕೀ ನನ್ನ ಜೇಬಿನಲ್ಲೇ ಇರುತ್ತದೆ.

ಮದ್ದೂರು ಕಡೆಯ ಒಬ್ಬ ಅಮ್ಮ ಬಂದಿದ್ದರು. 61 ವರ್ಷ, ಮಗನ ಮನೆಗೆ ಬಂದು ನೆಲೆಸಿದವರು. ಮೊದಲ ದಿನ "ನಮ್ ಕೈಲಿ ಆಯ್ತದಾ ಕನವ್ವಾ?" ಅಂದರು. ನಾನು ಇಂಜಿನ್ ಆಫ್ ಮಾಡಿ, ಗಾಡಿ ಮೇಲೆ ಕೂರಿಸಿ, ಎರಡೂ ಕಾಲಲ್ಲಿ ನೆಲ ತಳ್ಳಿಕೊಂಡು ಹೋಗಿ ಅಂದೆ. "ಇದೇನವ್ವಾ, ಕೂಸಿನ್ ಗಾಡಿ ಆಯ್ತಲ್ಲಾ" ಅಂತ ನಕ್ಕರು. ಮೊದಲ ದಿನ ತಳ್ಳೋದು, ಕಾಲೂರೋದು, ತಳ್ಳೋದು, ಕಾಲೂರೋದು. ಎರಡನೇ ದಿನ ಸ್ವಲ್ಪ ಇಳಿಜಾರಿನ ರಸ್ತೆಗೆ ಕರೆದುಕೊಂಡು ಹೋದೆ. ತಳ್ಳಿದ ಮೇಲೆ ಕಾಲನ್ನು ಒಂದು ಗೇಣು ಎತ್ತಿ ಹಿಡಿದರು. ನಾಲ್ಕನೇ ದಿನ ಒಂದು ಲೈಟ್ ಕಂಬದಿಂದ ಇನ್ನೊಂದು ಕಂಬದವರೆಗೆ ಕಾಲು ನೆಲ ಮುಟ್ಟಲಿಲ್ಲ. ಅವರಿಗೆ ಗೊತ್ತೇ ಆಗಿರಲಿಲ್ಲ. ಹಿಂದೆ ತಿರುಗಿ ಕಂಬ ತೋರಿಸಿದೆ. ಗಾಡಿ ಮೇಲೇ ಕೂತು ಸ್ವಲ್ಪ ಹೊತ್ತು ಆ ಕಂಬವನ್ನೇ ನೋಡಿದರು. ಅವರ ಹವಾಯಿ ಚಪ್ಪಲಿಯ ಹೆಬ್ಬೆರಳಿನ ಜಾಗ ಸವೆದು ತೆಳ್ಳಗಾಗಿತ್ತು. (ಹಿಂದೆ ಪಟ್ಟಿ ಇರುವ ಚಪ್ಪಲಿ ಹಾಕಿಕೊಂಡು ಬನ್ನಿ ಅಂತ ನೂರು ಸಲ ಹೇಳುತ್ತೇನೆ, ಯಾರು ಕೇಳುತ್ತಾರೆ.)

ಭಯದ ವಿಷಯ. 57ನೇ ವಯಸ್ಸಿನಲ್ಲಿ ನಿಮಗೆ ಭಯ ಆದರೆ ಅದು ದಡ್ಡತನ ಅಲ್ಲ. ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ಸವೆಯುತ್ತದೆ, 18ರಲ್ಲಿ ಬಿದ್ದ ಹಾಗಲ್ಲ ಈಗ ಬೀಳುವುದು. ಹಾಗಾಗಿ ಭಯವನ್ನು ಓಡಿಸಬೇಡಿ, ಜೊತೆಗೆ ಕರೆದುಕೊಂಡು ಬನ್ನಿ. ಹೆಲ್ಮೆಟ್ಟಿನ ಪಟ್ಟಿ ಸರಿಯಾಗಿ ಹಾಕಿಕೊಳ್ಳುವುದಕ್ಕೆ ಅದು ಬೇಕು. ಆದರೆ ಅದು ಹೋಗಲಿ ಅಂತ ಕಾಯುತ್ತಿದ್ದೀರಲ್ಲ, ಅಲ್ಲಿದೆ ತೊಂದರೆ. ನಮ್ಮ ಕಡೆ ಹಿಂದೆ ಬಾಗಿಲ ಮೇಲೆ "ನಾಳೆ ಬಾ" ಅಂತ ಬರೆಯುತ್ತಿದ್ದರು. ರಾತ್ರಿ ಬಂದ ದೆವ್ವ ಓದಿಕೊಂಡು ವಾಪಸ್ ಹೋಗುತ್ತದೆ ಅಂತ ನಂಬಿಕೆ. ಉಪಾಯವೇನೋ ಚೆನ್ನಾಗಿದೆ, ಆದರೆ ದೆವ್ವ ಸಾಯುವುದಿಲ್ಲ, ದಿನಾ ಬರುತ್ತದೆ. ಆಷಾಢ ಕಳೆಯಲಿ, ದಸರಾ ಮುಗಿಯಲಿ, ಮಗಳ ಬಾಣಂತನ ಆಗಲಿ ಅಂತ ಮುಂದೂಡಿದ ಪ್ರತಿ ಸಲವೂ ಮನಸ್ಸಿಗೆ ಹಾಯ್ ಅನ್ನಿಸುತ್ತದೆ. ಆ ಹಾಯ್ ಅನ್ನಿಸುವುದೇ ರುಚಿ ಹತ್ತಿಸುವುದು. ಮುಂದಿನ ಸಲ ಮುಂದೂಡುವುದು ಇನ್ನೂ ಸುಲಭವಾಗುತ್ತದೆ, ಭಯ ಮಾತ್ರ ಇದ್ದಲ್ಲೇ ಇರುತ್ತದೆ. ಅದು ಕರಗುವುದು ಗಾಡಿ ಮೇಲೆ ಕೂತಾಗ, ಅದೂ ದಿನಕ್ಕಿಷ್ಟು ಅಂತ. ಕೀ ಇಲ್ಲದ ಸ್ಕೂಟರ್ ಮೇಲೆ ಹತ್ತು ನಿಮಿಷ ಕೂರುವುದಕ್ಕೆ ಯಾವ ಮುಹೂರ್ತವೂ ಬೇಕಿಲ್ಲ.

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ" ಅನ್ನುವವರಿಗೆ ಹೆಚ್ಚು ಹೇಳುವುದಿಲ್ಲ. 20ರ ಹುಡುಗಿ ಒಂದು ವಾರದಲ್ಲಿ ಕಲಿತರೆ 60ರವರು ಮೂರು ವಾರ ತೆಗೆದುಕೊಳ್ಳುತ್ತಾರೆ, ನಿಜ. ಮೂರು ವಾರ ತಾನೇ. ಕೇರಳದ ಕಾರ್ತ್ಯಾಯಿನಿ ಅಮ್ಮ 2018ರಲ್ಲಿ, 96ನೇ ವಯಸ್ಸಿನಲ್ಲಿ, ಸಾಕ್ಷರತಾ ಪರೀಕ್ಷೆ ಬರೆದು 100ಕ್ಕೆ 98 ತೆಗೆದ ಸುದ್ದಿಯನ್ನು ನನಗೆ ಎಷ್ಟೋ ಜನ ವಾಟ್ಸಾಪ್ ಮಾಡಿದ್ದಾರೆ. ಬಹಳ ಸಂತೋಷ. ಆದರೆ ಕಳಿಸಿದವರಲ್ಲಿ ಒಬ್ಬರೂ ಮರುದಿನ ಬೆಳಿಗ್ಗೆ ಆರಕ್ಕೆ ಬಂದಿಲ್ಲ.

ಕಾನೂನಿನಲ್ಲೂ ನಿಮಗೆ ವಯಸ್ಸಾಗಿಲ್ಲ. ಲೈಸೆನ್ಸಿಗೆ ಮೇಲಿನ ವಯಸ್ಸಿನ ಮಿತಿಯೇ ಇಲ್ಲ. 40 ದಾಟಿದವರು ಡಾಕ್ಟರ ಸರ್ಟಿಫಿಕೇಟ್ ಕೊಡಬೇಕು, ಅದಕ್ಕೆ ಫಾರಂ 1ಎ ಅನ್ನುತ್ತಾರೆ. ಎಲ್‌ಎಲ್‌ಆರ್ ಆರು ತಿಂಗಳು ನಡೆಯುತ್ತದೆ, 30 ದಿನ ಆದ ಮೇಲೆ ಟೆಸ್ಟಿಗೆ ಹೋಗಬಹುದು. 55 ದಾಟಿದವರಿಗೆ ಲೈಸೆನ್ಸ್ ಐದೈದು ವರ್ಷಕ್ಕೆ ಕೊಡುತ್ತಾರೆ, ಆಮೇಲೆ ರಿನ್ಯೂ ಮಾಡಿಸಬೇಕು. ಎಲ್ ಬೋರ್ಡ್ ಇರುವಾಗ ಮೊಮ್ಮಗನನ್ನು ಹಿಂದೆ ಕೂರಿಸಿಕೊಳ್ಳಬೇಡಿ. ಕಣ್ಣಿಗೆ ಪೊರೆ ಬಂದಿದ್ದರೆ ಮೊದಲು ಅದನ್ನು ನೋಡಿಸಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಬರಬೇಡಿ.

"2023ರಿಂದ ಬಸ್ಸೇ ಫ್ರೀ ಇದೆಯಲ್ಲ, ಇನ್ಯಾಕೆ ಸ್ಕೂಟರ್?" ಅಂತ ಕೇಳುವವರಿದ್ದಾರೆ. ಬಸ್ಸಿನಲ್ಲಿ ಹೋಗಿ, ನಾನೂ ಹೋಗುತ್ತೇನೆ. ಆದರೆ ಕುಕ್ಕರಹಳ್ಳಿ ಕೆರೆಗೆ ಬೆಳಿಗ್ಗೆ ಐದೂಮುಕ್ಕಾಲಿಗೆ ಹೋಗಬೇಕು ಅನ್ನಿಸಿದಾಗ ಹೊರಡುವುದು ಬೇರೆ ವಿಷಯ.

ಇನ್ನು ನೀವು ಕೇಳದ ಒಂದು ಮಾತು. ಕಲಿತು, ಟೆಸ್ಟಿನಲ್ಲಿ ಎಂಟು ಹಾಕಿ, ಲೈಸೆನ್ಸ್ ತಂದು ಬೀರುವಿನಲ್ಲಿಟ್ಟವರು ಬಹಳ ಜನ ಇದ್ದಾರೆ. ಗಾಡಿ ಮುಟ್ಟುವುದಿಲ್ಲ. ಯಾಕೆ ಅಂದರೆ ಎರಡು ಕಾರಣ ಸಿಗುತ್ತವೆ. ಒಂದು ಡಬಲ್ ಸ್ಟ್ಯಾಂಡ್. ನೂರು ಕೆಜಿ ದಾಟಿದ ಗಾಡಿಯನ್ನು ರಟ್ಟೆ ಬಲದಲ್ಲಿ ಎತ್ತಲು ಹೋಗಿ ಸೋಲುತ್ತಾರೆ. ಎತ್ತಬೇಡಿ. ಸ್ಟ್ಯಾಂಡಿನ ಎರಡೂ ಕಾಲು ನೆಲಕ್ಕೆ ತಾಗಿದ ಮೇಲೆ ಅದರ ಮೇಲೆ ನಿಮ್ಮ ಪೂರ್ತಿ ಭಾರ ಹಾಕಿ ನಿಂತುಬಿಡಿ, ಗಾಡಿ ತಾನೇ ಹಿಂದಕ್ಕೆ ಏರುತ್ತದೆ.

ಎರಡನೆಯದು ಕೀ. ಗಾಡಿ ಮಗನದು, ಕೀ ಮಗನ ಜೇಬಿನಲ್ಲಿ. ಕೇಳಿದರೆ "ಎಲ್ಲಿಗ್ ಹೋಗ್ಬೇಕಮ್ಮಾ, ನಾನೇ ಬಿಡ್ತೀನಿ" ಅನ್ನುತ್ತಾನೆ. ಪ್ರೀತಿಯಿಂದಲೇ ಅನ್ನುತ್ತಾನೆ. ಹೀಗೆ ನಾಲ್ಕು ಸಲ ಬಿಟ್ಟು ಬಂದರೆ ಮುಗಿಯಿತು, ಕೈ ಕಲಿತದ್ದು ಹೋಗದಿದ್ದರೂ ಧೈರ್ಯ ಹೋಗಿರುತ್ತದೆ. ಹಾಗಾಗಿ ಕ್ಲಾಸಿನ ಕೊನೇ ದಿನ ನಾನು ಡೂಪ್ಲಿಕೇಟ್ ಕೀ ಎಲ್ಲಿದೆ ಅಂತ ಕೇಳುತ್ತೇನೆ. ಮದ್ದೂರಿನ ಅಮ್ಮನಿಗೂ ಕೇಳಿದ್ದೆ. ಆಗ ಅವರು ಏನೂ ಹೇಳಲಿಲ್ಲ. ತಿಂಗಳಾದ ಮೇಲೆ ನಂಜುಮಳಿಗೆಯಲ್ಲಿ ಸಿಕ್ಕರು, ಸೊಪ್ಪಿನ ಚೀಲವನ್ನು ಸ್ಕೂಟರಿನ ಕೊಕ್ಕೆಗೆ ಸಿಕ್ಕಿಸುತ್ತಿದ್ದರು. ಸೊಂಟದಿಂದ ಬೀರುವಿನ ಕೀ ಗೊಂಚಲು ತೆಗೆದರು, ಅದರಲ್ಲೇ ಗಾಡಿ ಕೀನೂ ಇತ್ತು.

"ಡೂಪ್ಲಿಕೇಟಾ ಅಮ್ಮಾ?" ಅಂದೆ.

"ಡೂಪ್ಲಿಕೇಟು ಅವ್ನಿಗ್ ಕೊಟ್ಟಿವ್ನಿ ಕನವ್ವ" ಅಂದರು.